ಅತ್ತೆ ಓದಿದಂತೆ ಕಾದಂಬರಿ

ನಮ್ಮ ಅತ್ತೆಗೆ ಮದುವೆಯೇ ಆಗಿರಲಿಲ್ಲ. ಆದರೂ ನನಗೆ ತಿಳಿದಂತೆ ಅವಳು ಹಲವು ಸಲ ವಿಧವೆಯಾಗಿದ್ದಳು!

ಗಾಬರಿಯಾಗಬೇಡಿ. ಸತ್ತವರೆಲ್ಲ ಕಾದಂಬರಿಗಳ ನಾಯಕರು. ಒಬ್ಬ ಕ್ಷಯದಿಂದ ಹೋದ. ಇನ್ನೊಬ್ಬ ಹೊಳೆಯಲ್ಲಿ ಮುಳುಗಿದ. ಮತ್ತೊಬ್ಬನಿಗೆ ಏನಾಯಿತೆಂದು ಬರೆದವನಿಗೂ ಗೊತ್ತಿರಲಿಕ್ಕಿಲ್ಲ, ಕೊನೆಯ ಅಧ್ಯಾಯದ ಹೊತ್ತಿಗೆ ಸತ್ತಿದ್ದ ಅಷ್ಟೆ. ಯಾರು ಹೇಗೆ ಸತ್ತರೂ ಆ ದಿನ ಅತ್ತೆಗೆ ಅನ್ನ ಇಳಿಯುತ್ತಿರಲಿಲ್ಲ. ಒಮ್ಮೆ ಹಾಲು ತರುವವಳು ಅವಳ ಊದಿದ ಕಣ್ಣು ನೋಡಿ, “ಯಾರು ಹೋದ್ರು ಅಮ್ಮಾ?” ಎಂದು ಕೇಳಿದಳು. “ಒಬ್ಬ ವಕೀಲ. ಬಾಳ ಒಳ್ಳೆಯವ” ಎಂದು ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಂಜೆಯೊಳಗೆ, ಕೋರ್ಟಿನಲ್ಲಿ ವ್ಯಾಜ್ಯವಿದ್ದ ಇಬ್ಬರು ಓಡೋಡಿ ನಮ್ಮ ಅಂಗಳಕ್ಕೆ ಬಂದಿದ್ದರು: “ಮಾಸ್ತರೇ, ಯಾವ ವಕೀಲರು? ನಮ್ಮ ಕಾಗದ ಎಲ್ಲ ಅವರ ಹತ್ರವೇ ಇದ್ದು!”

ಮಾಸ್ತರು ಎಂದರೆ ನನ್ನ ಅಪ್ಪ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಭಟ್ಕಳದ ಶಾಲೆಯಲ್ಲಿ ಕಲಿಸುತ್ತಿದ್ದರು. ಅತ್ತೆ ಅವರ ತಂಗಿ, ನಮ್ಮ ಜೊತೆಗೇ ಇದ್ದಳು. ಕುಮಟೆಗೆ ಹೋದಾಗಲೆಲ್ಲ ಅಪ್ಪ ಅಲ್ಲಿಯ ವಾಚನಾಲಯದಿಂದ ಕಾದಂಬರಿಗಳನ್ನು ತರಬೇಕು, ಇದು ಮನೆಯ ಕಾಯಿದೆ. ಮರೆತು ಬಂದರೆ? ಅವತ್ತು ಸಾರಿಗೆ ಉಪ್ಪಿಲ್ಲ!

ಅತ್ತೆಗೆ ಯಾಕೆ ಮದುವೆಯಾಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅವಳಿಗೆ ತೊನ್ನು ಇತ್ತು. ಎರಡೂ ಕೈಗಳ ಮೇಲೆ, ತುಟಿಯ ಅಂಚಿನಲ್ಲಿ ಬಿಳಿ ಮಚ್ಚೆಗಳು. ಹದಿನಾರರ ವಯಸ್ಸಿಗೆ ಒಂದು ಮಚ್ಚೆ ಕಾಣಿಸಿಕೊಂಡಿತಂತೆ, ಬರುತ್ತಿದ್ದ ಸಂಬಂಧಗಳು ಅಲ್ಲಿಗೇ ನಿಂತವಂತೆ. ಕಾದಂಬರಿಗಳಲ್ಲೋ, ನಾಯಕಿ ಎಂದಮೇಲೆ ಅವಳದು ಹಾಲಿನಂಥ ಮೈಬಣ್ಣವೇ ಆಗಬೇಕು. ಆ ಸಾಲು ಬಂದಾಗಲೆಲ್ಲ ಅತ್ತೆ ಓದು ನಿಲ್ಲಿಸಿ, “ನಂದೂ ಹಾಲೇ. ಅಲ್ಲಲ್ಲಿ ಚೆಲ್ಲಿದ್ದು ಅಷ್ಟೇಯ!” ಎಂದು ಗಟ್ಟಿಯಾಗಿ ನಗುತ್ತಿದ್ದಳು. ಅವಳ ಹಾಸ್ಯಕ್ಕೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ ನಮ್ಮ ಮನೆಯಲ್ಲಿ ಇದೊಂದಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಅವಳ ಜೊತೆ ಸರಿಸಮನಾಗಿ ನಕ್ಕವಳು ಒಬ್ಬಳೇ, ಪಾಗಾರದ ಗೋಡೆಯ ಆಚೆ ಮನೆಯ ಬೀಬಿ. ಬೀಬಿ ಓದುತ್ತಿದ್ದುದು ಉರ್ದು ಕಾದಂಬರಿ, ಅತ್ತೆ ಓದುತ್ತಿದ್ದುದು ಕನ್ನಡದ್ದು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಪಾಗಾರದ ಎರಡು ಕಡೆ ನಿಂತು ತಂತಮ್ಮ ನಾಯಕಿಯರ ಕಷ್ಟಗಳನ್ನು ಪಂದ್ಯಕ್ಕಿಡುತ್ತಿದ್ದರು.

“ನಮ್ದು ಹುಡುಗಿಗೆ ಸವತಿ ಬಂದ್ಲು” ಎನ್ನುವಳು ಬೀಬಿ.

“ನಮ್ಮವಳಿಗೆ ಸವತಿಯೂ ಇದ್ದು, ಅತ್ತೆ ಕಾಟವೂ ಇದ್ದು!”

“ಅರೇ, ನಮ್ದು ಹುಡುಗಿ ಕಣ್ಣೂ ಹೋಯ್ತು!”

ಅತ್ತೆ ಸೋಲೊಪ್ಪಿಕೊಳ್ಳುವಳು. ಮಾತಿನ ಭರದಲ್ಲಿ ಬೀಬಿ ಅತ್ತೆಯ ಕೈಯನ್ನೇ ಹಿಡಿದು ಅಲ್ಲಾಡಿಸುತ್ತಿದ್ದಳು. ನಮ್ಮ ನೆಂಟರು ಆ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳಲೂ ಹಿಂದೆಮುಂದೆ ನೋಡುತ್ತಿದ್ದರು. ಬೀಬಿಗೆ ಅದು ಬರೀ ಕೈ. ಮುಂದೆ ಬೀಬಿಯ ಮನೆಯವರು ವ್ಯಾಪಾರಕ್ಕೆಂದು ಮದರಾಸಿಗೆ ಹೊರಟುಹೋದರು. ಆಮೇಲೂ ಎಷ್ಟೋ ದಿನ ಪಾತ್ರೆ ತೊಳೆದಾದ ಮೇಲೆ ಅತ್ತೆ ಪಾಗಾರದ ಹತ್ತಿರ ಹೋಗಿ ನಿಲ್ಲುತ್ತಿದ್ದಳು. “ಎಂತ ಮಾಡ್ತೆ ಅಲ್ಲಿ?” ಎಂದು ಅಮ್ಮ ಕೇಳಿದರೆ, “ಗಾಳಿ ಬತ್ತು” ಎನ್ನುತ್ತಿದ್ದಳು. ಗಾಳಿ ಜಗಲಿಗೂ ಬರುತ್ತಿತ್ತು.

ಇಷ್ಟು ಹೇಳಿ ನನ್ನ ಸಂಗತಿ ಮುಚ್ಚಿಟ್ಟರೆ ಹೇಗೆ? ನಾನು ಉಗ್ಗುತ್ತಿದ್ದೆ. ಸಣ್ಣಪುಟ್ಟ ಉಗ್ಗಲ್ಲ, ನನ್ನ ಹೆಸರು ನಾನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು! ಒಮ್ಮೆ ಕುಮಟೆಯಲ್ಲಿ ನೆಂಟರ ಮದುವೆ. ಅಪ್ಪ ಅಮ್ಮ ಮೊದಲೇ ಹೋಗಿದ್ದರು, ಅತ್ತೆ ಮತ್ತು ನಾನು ಹಿಂದಿನಿಂದ ಹೊರಟೆವು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಈಚೆ ದಡದ ಕಾಸರಕೋಡಿನಲ್ಲಿ ಬಸ್ಸು ಇಳಿದು ಲಾಂಚಿನಲ್ಲಿ ಹೊನ್ನಾವರದ ದಡಕ್ಕೆ ದಾಟಬೇಕು. ಅತ್ತೆ ಕೂತವಳೇ ಕಾದಂಬರಿ ಬಿಚ್ಚಿದಳು. ದಡ ಬಂತು, ಜನ ಇಳಿದರು. ನಾನು “ದ... ದ... ದ...” ಎನ್ನುತ್ತಲೇ ಇದ್ದೆ. “ದಡ” ಬಾಯಿಂದ ಹೊರಬೀಳುವ ಹೊತ್ತಿಗೆ ಲಾಂಚು ತಿರುಗಿ ನಡುಹೊಳೆಗೆ ಬಂದಾಗಿತ್ತು! ಅತ್ತೆ ತಲೆಯೆತ್ತಿದಾಗ ಎದುರಿಗೆ ಮತ್ತೆ ಕಾಸರಕೋಡು. “ಹೊನ್ನಾವರ ನಮ್ಮ ಕಾಸರಕೋಡಿನ ಹಾಂಗೇ ಕಾಣ್ತಪ” ಎಂದಳು. ಮುಂದಿನ ಲಾಂಚಿಗೆ ಹೋಗಬಹುದಿತ್ತು. ಅವಳು ಹೋಗಲಿಲ್ಲ. “ಮದ್ವೆ ಮನೇಲಿ ನಮ್ಮ ಯಾರು ಕಾಯ್ತ?” ಎಂದು ಭಟ್ಕಳದ ಬಸ್ಸು ಹತ್ತಿಸಿದಳು. ಮದುವೆಮನೆಗಳಲ್ಲಿ ಅವಳನ್ನು ಹೆಂಗಸರ ಪಂಕ್ತಿಯ ತೀರ ಕೊನೆಗೆ, ಕೆಲವೊಮ್ಮೆ ಹಿತ್ತಿಲ ಕಡೆಯ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ ಬಡಿಸುತ್ತಿದ್ದರೆಂದು ನನಗೆ ತಿಳಿದದ್ದು ಆಮೇಲೆ.

ಅತ್ತೆ ದಿನವೂ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಾದಂಬರಿ ಓದಿ ಹೇಳುತ್ತಿದ್ದಳು. ಅವಳು ಓದಿದ ಕಾದಂಬರಿಗಳಲ್ಲಿ ಒಂದು ವಿಶೇಷವಿತ್ತು. ಪ್ರತಿಯೊಂದರಲ್ಲೂ ಉಗ್ಗುವ ಹುಡುಗಿ ಒಬ್ಬಳು ಇದ್ದೇ ಇರುತ್ತಿದ್ದಳು! ಒಂದರಲ್ಲಿ ಜಮೀನುದಾರನ ಮಗಳು, ಇನ್ನೊಂದರಲ್ಲಿ ಡಾಕ್ಟರನ ತಂಗಿ. ಎಲ್ಲರೂ ಮಹಾ ಬುದ್ಧಿವಂತೆಯರು. ಅವರು ಬಾಯಿ ತೆರೆದರೆ ಇಡೀ ಮನೆ ಸುಮ್ಮನಾಗಿ ಮಾತು ಮುಗಿಯುವವರೆಗೆ ಕಾಯುತ್ತಿತ್ತು. ಲೋಕ ಹೀಗೇ ಇರುತ್ತದೆಂದು ನಂಬಿ ನಾನೂ ಶಾಲೆಯಲ್ಲಿ ಉತ್ತರ ಹೇಳಲು ಕೈಯೆತ್ತಿದೆ. “ಕಾ... ಕಾ...” ಎಂದೆ. ಹಿಂದಿನ ಬೆಂಚಿನಿಂದ ಹತ್ತು ಕಾಗೆಗಳು ಕೂಗಿದವು. ಕಾವೇರಿ ಎನ್ನುವ ಉತ್ತರ ನನ್ನ ಬಾಯಲ್ಲೇ ಉಳಿಯಿತು. ಆಮೇಲೆ ನಾನು ಕೈಯೆತ್ತಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಬಾವಿಕಟ್ಟೆಯ ಹಿಂದೆ ಒಬ್ಬಳೇ ಕೂತು ಡಬ್ಬಿ ಬಿಚ್ಚುತ್ತಿದ್ದೆ, ಜಮೀನುದಾರನ ಮಗಳ ಜೊತೆ ಮನಸ್ಸಿನಲ್ಲೇ ಹರಟುತ್ತಿದ್ದೆ. ಅವಳೊಬ್ಬಳು ಇದ್ದಾಳಲ್ಲ, ಅಷ್ಟು ಸಾಕಿತ್ತು.

ಒಂದು ದಿನ ಅತ್ತೆ ಸ್ನಾನಕ್ಕೆ ಹೋದಾಗ ಜಮೀನುದಾರನ ಮಗಳಿದ್ದ ಪುಸ್ತಕವನ್ನು ನಾನೇ ತೆಗೆದು ತಿರುವಿದೆ. ಅತ್ತೆ ಹೇಳಿದಂತೆಯೇ ಜಮೀನುದಾರ ಇದ್ದ, ಅವನ ಆನೆ ಇತ್ತು, ಮಗಳೂ ಇದ್ದಳು. ಆದರೆ ಆ ಮಗಳು ಪಟಪಟನೆ ಮಾತಾಡುತ್ತಿದ್ದಳು! ಇನ್ನೊಂದು ಪುಸ್ತಕ ತೆಗೆದೆ. ಡಾಕ್ಟರನಿಗೆ ತಂಗಿಯೇ ಇರಲಿಲ್ಲ. ನನಗಿದ್ದ ಗೆಳತಿಯರೆಲ್ಲ ಒಂದೇ ಬೆಳಿಗ್ಗೆ ಸತ್ತಂತಾಯಿತು. ಬಚ್ಚಲಿನಿಂದ ಹೊರಬಂದ ಅತ್ತೆಯ ಮುಂದೆ ಪುಸ್ತಕ ಬಡಿದು, “ಸು... ಸುಳ್ಳಿ!” ಎಂದು ಕಿರುಚಿದೆ.

ಅತ್ತೆ ತಲೆ ಒರೆಸಿಕೊಳ್ಳುತ್ತ, “ಸುಳ್ಳೆಂತದೇ ಕೂಸೆ? ಬರೆದವಂಗೆ ಮರ್ತು ಹೋಗಿತ್ತು, ಆನು ಸೇರ್ಸಿದಿ. ಅಷ್ಟು ದೊಡ್ಡ ಮನೇಲಿ ಅದೊಂದು ಹುಡುಗಿಗೆ ಜಾಗ ಇಲ್ಯ?” ಎಂದಳು.

“ಹಾಗಾದ್ರೆ ನಿ... ನಿನ್ನ ಹಾಂಗಿದ್ದವಳನ್ನ ಎಂತಕ್ಕೆ ಸೇರ್ಸಲಿಲ್ಲ?”

ಅತ್ತೆ ತನ್ನ ಕೈಗಳನ್ನು ನೋಡಿಕೊಂಡಳು. “ಅಕ್ಕಿ ತೊಳೆಯದು ಇದ್ದು” ಎಂದು ಒಳಗೆ ಹೋದಳು.

ಅದಾಗಿ ಕೆಲವು ದಿನಗಳಲ್ಲಿ ಒಂದು ಅನಾಹುತವಾಯಿತು. ಹೆಂಡತಿಯನ್ನು ಬಿಟ್ಟುಹೋದ ನಾಯಕನೊಬ್ಬನ ಮೇಲೆ ಸಿಟ್ಟು ಬಂದು ಅತ್ತೆ ಪುಸ್ತಕವನ್ನು ಬೀಸಿ ಎಸೆದಳು. ಆಗಷ್ಟೇ ತೆಗೆದು ಪುಟದ ಗುರುತಿಗೆಂದು ನಡುವೆ ಇಟ್ಟಿದ್ದ ಅವಳ ಓದುವ ಕನ್ನಡಕ ಹಾರಿ ನಮ್ಮ ಮನೆಯ ಬಾವಿಗೆ ಬಿತ್ತು! ನಾಯಕ ಅಂಗಳದಲ್ಲಿ ಕ್ಷೇಮವಾಗಿದ್ದ. ಹೊಸ ಕನ್ನಡಕ ಹುಬ್ಬಳ್ಳಿಯಿಂದ ಬರಬೇಕು. ಅತ್ತೆ ಜಗಲಿಯಲ್ಲಿ ಕೈಕಟ್ಟಿ ಕೂತಳು. ಬೀಬಿ ಇಲ್ಲ, ಪುಸ್ತಕವೂ ಇಲ್ಲ. ಎರಡು ದಿನ ಅವಳು ಒಂದೇ ಒಂದು ಹಾಸ್ಯ ಮಾಡಲಿಲ್ಲ.

ಮೂರನೆಯ ಮಧ್ಯಾಹ್ನ ನಾನು ಹೊಸ ಕಾದಂಬರಿ ಹಿಡಿದು ಅವಳ ಪಕ್ಕ ಕೂತೆ. ಗಟ್ಟಿಯಾಗಿ ಓದತೊಡಗಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ನಾನು ಬೆವತಿದ್ದೆ. ಅತ್ತೆ ಒಂದು ಸಲವೂ ನನ್ನ ಬಾಯಿಯ ಶಬ್ದವನ್ನು ತಾನು ಹೇಳಿ ಮುಗಿಸಲಿಲ್ಲ. ಕಥೆಯಲ್ಲೊಂದು ಮದುವೆಮನೆ, ಅಲ್ಲಿಗೆ ನಾಯಕಿ ಬರುತ್ತಾಳೆ. ಪುಸ್ತಕದಲ್ಲಿ ಹಾಲಿನ ಬಣ್ಣವೇ ಇತ್ತು. ನಾನು ಓದಿದೆ: “ಅವಳ ಕೈಗಳ ಮೇಲೆ, ತು... ತುಟಿಯ ಅಂಚಿನಲ್ಲಿ, ಬಿ... ಬಿಳಿ ಮಚ್ಚೆಗಳಿದ್ದವು.”

ಅತ್ತೆಯ ಕೈಗಳು ಮೆಲ್ಲನೆ ಸೆರಗಿನೊಳಗೆ ಸೇರಿದವು. ಆಮೇಲೆ ಅಂಗಳದ ಕಡೆ ನೋಡುತ್ತಲೇ ಕೇಳಿದಳು:

“ಊಟಕ್ಕೆ ಅವಳನ್ನ ಎಲ್ಲಿ ಕೂರ್ಸಿದ್ರು?”

“ಎ... ಎಲ್ಲರ ನ... ನಡುವೆ.”

ಅವಳು ಸೆರಗಿನಿಂದ ಒಂದು ಕೈ ಹೊರತೆಗೆದು ನನ್ನ ಮೊಣಕಾಲಿನ ಮೇಲಿಟ್ಟಳು.

“ಓದು ಕೂಸೆ” ಎಂದಳು. “ನಿಧಾನಕ್ಕೆ ಓದು. ನಂಗೆ ಎಂತ ಗಡಿಬಿಡಿಯೂ ಇಲ್ಲೆ.”