ನಾಯಿಯ ಎತ್ತರದಿಂದ ಮನೆ

ಶಾಲೆ ಬಿಟ್ಟ ಮೇಲೆ ನಾನು ಪೂರ್ತಿ ಓದಿ ಮುಗಿಸಿದ ಪುಸ್ತಕ ಒಂದೇ, ನಾಯಿ ಸಾಕುವವರ ಕೈಪಿಡಿ. ಆದರೆ ಅದನ್ನು ಮೂರು ಸಲ ಓದಿದ್ದೇನೆ. ಬಾಲ, ಕಿವಿ, ಆಕಳಿಕೆ, ಯಾವುದರಲ್ಲಿ ಬೇಕಾದರೂ ನನ್ನನ್ನು ಪರೀಕ್ಷಿಸಿ. ಬರೆಯುವ ಪರೀಕ್ಷೆ ಮಾತ್ರ ಬೇಡ.

ಅಕ್ಕ ಪ್ರಾಣಿವೈದ್ಯರೊಬ್ಬರ ಬಳಿ ಕೆಲಸ ಮಾಡುತ್ತಾಳೆ. ಅಲ್ಲಿ ನಾಯಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಆ ಕೆಲಸ ನನಗೆ ಸಿಗಬೇಕಾದರೆ, ಡಾಕ್ಟರ್ ಮೇಡಂ ಅವರ ಸ್ವಂತ ನಾಯಿಯನ್ನು ಒಂದು ದಿನ ನಮ್ಮ ಮನೆಯಲ್ಲಿ ಜೋಪಾನ ಮಾಡಿ ತೋರಿಸಬೇಕು. ಸದಾ ಮೇಡಂ ಹಿಂದೆಯೇ ಸುತ್ತುವ ಆ ನಾಯಿಗೆ ಎಲ್ಲರೂ ಇಟ್ಟ ಹೆಸರು ಕಂಪೌಂಡರ್.

"ಒಂದು ಗೀರೂ ಆಗಬಾರದು ಕಣೋ. ನನ್ನ ಮಾನ ನಿನ್ನ ಕೈಲಿದೆ," ಎಂದಳು ಅಕ್ಕ.

"ಕೂದಲೂ ಕೊಂಕಲ್ಲ, ಹೋಗು."

ನಾಯಿಯನ್ನು ನನಗೊಪ್ಪಿಸಿ ಅವಳು ಹೊರಟದ್ದೇ ತಡ, ಕೈಪಿಡಿ ಹೇಳಿದಂತೆ ಮಂಡಿಯೂರಿ, ನಾಯಿಯ ಎತ್ತರದಿಂದ ಮನೆಯ ತಪಾಸಣೆಗೆ ಇಳಿದೆ. ಮಂಚದ ಕೆಳಗೆ ಎರಡು ಗುಂಡುಸೂಜಿ, ಒಂದು ಮಾತ್ರೆ. ಎಲ್ಲವೂ ಕಪಾಟಿನ ಮೇಲೇರಿದವು. ಚಾಕೊಲೇಟು ನಾಯಿಗೆ ವಿಷ. ಅಕ್ಕ ಬಚ್ಚಿಟ್ಟಿದ್ದನ್ನು ಹುಡುಕಿ, ನಾನೇ ನುಂಗಿ ಅಪಾಯ ನಿವಾರಿಸಿದೆ. ತಟ್ಟೆ ತುಂಬ ಊಟವಿಟ್ಟಿದ್ದರೂ ಕಂಪೌಂಡರ್ ಅದನ್ನು ಬಿಟ್ಟು, ಮೇಲಧಿಕಾರಿಯಂತೆ ನನ್ನ ಹಿಂದೆಯೇ ಬಂತು.

ಉಳಿದದ್ದು ಮಹಡಿ ಮೆಟ್ಟಿಲಿನ ಕಬ್ಬಿಣದ ಕಂಬಿಗಳು. ನಡುವೆ ನಾಯಿಯ ತಲೆ ಸಿಕ್ಕಿಕೊಂಡರೆ? ಅಂದಾಜಿಗೆ ಬಿಡುವವನು ನಾನಲ್ಲ. ನನ್ನದೇ ತಲೆ ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು. ಅಪಾಯವಿದೆ ಎಂಬುದು ಖಚಿತವಾಯಿತು. ತಲೆ ವಾಪಸು ಬಾರದೆ ಹೋದಾಗ ಇನ್ನೂ ಖಚಿತವಾಯಿತು.

ನೆರೆಯವರನ್ನು ಕೂಗಬಹುದಿತ್ತು. ಆದರೆ ಇಡೀ ಮೈ ಹೊತ್ತು ಎದುರಿಗೆ ನಿಲ್ಲಲೇ ನಾಚುವವನು, ಬರೀ ತಲೆಯೊಂದನ್ನು ತೋರಿಸುವುದು ಹೇಗೆ?

ಕಂಪೌಂಡರ್ ಆಕಳಿಸಿತು, ಮೂತಿ ನೆಕ್ಕಿಕೊಂಡಿತು, ಓರೆಗಣ್ಣಲ್ಲಿ ನೋಡಿತು. ಮೂರೂ ಗಾಬರಿಯ ಲಕ್ಷಣ, ಪುಟ ನಲವತ್ತೆರಡು. "ಹೆದರಬೇಡಪ್ಪ, ನಾನೆಲ್ಲೂ ಹೋಗಲ್ಲ," ಎಂದು ಸಮಾಧಾನ ಹೇಳಿದೆ. ಅದು ನನ್ನ ಪಕ್ಕದಲ್ಲೇ ಮಲಗಿತು.

ಮಧ್ಯಾಹ್ನ ಅಕ್ಕ ಊಟಕ್ಕೆ ಬಂದಳು. ನಾಯಿಯನ್ನು ನೋಡಲು ಜೊತೆಯಲ್ಲಿ ಡಾಕ್ಟರ್ ಮೇಡಂ.

"ಏನೋ ಇದು ಅವತಾರ?"

"ತಪಾಸಣೆ ಅಕ್ಕ."

"ಬೆಳಿಗ್ಗೆಯಿಂದ ಒಂದೇ ಕಡೆನಾ?" ಎಂದು ಅವಳು ನನ್ನ ಕಾಲು ಹಿಡಿದಳು.

ಡಾಕ್ಟರ್ ತಡೆದರು. "ಎಳೀಬೇಡಮ್ಮ, ಹೆದರಿದ ಪ್ರಾಣಿ ಎಳೆದಷ್ಟೂ ಕೊಸರಾಡತ್ತೆ. ಹಿಂದಿನಿಂದ ಹಿಡೀಬೇಡ, ಪಕ್ಕದಿಂದ ಬಾ. ಮೆಲ್ಲಗೆ ಮಾತಾಡಿಸು."

ಅವರು ನನ್ನ ಕಿವಿಗಳಿಗೆ ಎಣ್ಣೆ ಸವರಿ, ಗದ್ದ ಓರೆ ಮಾಡಿ ಹಿಂದಕ್ಕೆ ಸರಿಸಿದರು. ತಲೆ ಹೊರಬಂತು. ನಾನು ಎದೆಯುಬ್ಬಿಸಿ, "ನಾಯಿಗೆ ಒಂದು ಗೀರೂ ಇಲ್ಲ ಮೇಡಂ," ಎಂದೆ.

ಅವರು ಕಂಪೌಂಡರನ್ನು ಮೂತಿಯಿಂದ ಬಾಲದವರೆಗೆ ತಡವಿ ನೋಡಿದರು. "ನಿಜ. ನಾಳೆಯಿಂದ ಕೆಲಸಕ್ಕೆ ಬಾ."

ಅಕ್ಕ ಬಾಯಿ ಬಿಟ್ಟಳು. "ಇವನನ್ನ ನಂಬಿ ನಾಯಿ ಬಿಡ್ತೀರಾ ಮೇಡಂ?"

"ಅಲ್ಲಮ್ಮ. ತಟ್ಟೆ ನೋಡು, ಹಾಗೇ ಇದೆ. ಊಟನೂ ಬಿಟ್ಟು ಇವನ ಪಕ್ಕ ಕಾದಿದೆ ಪಾಪ. ನಾಯಿನ ನಂಬಿ ಇವನನ್ನ ಬಿಡ್ತಿದೀನಿ."

ಕಂಪೌಂಡರ್ ನನ್ನತ್ತ ನೋಡಿ ಮೆಲ್ಲಗೆ ಬಾಲ ಆಡಿಸಿತು. ಒಪ್ಪಿಗೆ, ಪುಟ ಹನ್ನೆರಡು.