ಬೆಳಿಗ್ಗೆ ಹೀರೋ, ಊಟ ಆದ ಮೇಲೆ ವಿಲನ್

ನಾನು ಜಗಳಗಂಟನಲ್ಲ. ಬೇಕಾದರೆ ನನ್ನ ಹೆಂಡತಿ ಸುಜಾತಳನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ, ಬೇರೆ ಯಾರನ್ನಾದರೂ ಕೇಳಿ. ಹತ್ತೊಂಬತ್ತು ವರ್ಷದಿಂದ ಬಸ್ ಕಂಡಕ್ಟರ್ ಆಗಿದ್ದೇನೆ. ಸೀಟಿನ ಜಗಳ, ಕಿಟಕಿ ತೆಗೆಯುವ ಜಗಳ, ಮುಚ್ಚುವ ಜಗಳ, ಕೋಳಿಗೂ ಟಿಕೆಟ್ಟಾ ಅನ್ನುವ ಜಗಳ, ಎಲ್ಲವನ್ನೂ ದಿನಾ ನೋಡಿ ನೋಡಿ ನನಗೆ ಜಗಳದ ಮೇಲಿನ ಆಸೆಯೇ ಹೋಗಿಬಿಟ್ಟಿದೆ. ನನ್ನ ಹೊಟ್ಟೆಯ ಬಗ್ಗೆ ಏನಾದರೂ ಅನ್ನಿ, ನಕ್ಕು ಸುಮ್ಮನಾಗುತ್ತೇನೆ. ಆದರೆ ನಾನು ಮೆಚ್ಚಿದ ನಟನ ಬಗ್ಗೆ ಯಾರಾದರೂ ಒಂದು ಮಾತು ಎತ್ತಿದರೆ ಮಾತ್ರ ನನಗೇನೋ ಆಗಿಬಿಡುತ್ತದೆ. ಆ ನಟ ನಮ್ಮವನೂ ಅಲ್ಲ, ಏಳು ಸಮುದ್ರದ ಆಚೆಯವನು. ನಾನೊಬ್ಬನಿದ್ದೇನೆ ಅಂತ ಅವನಿಗೆ ಗೊತ್ತಿಲ್ಲ, ಹಿಂದೂಪುರ ಅಂತ ಒಂದು ಊರಿದೆ ಅಂತಲೂ ಗೊತ್ತಿರಲಾರದು. ಅಂಥವನಿಗಾಗಿ ನಾನು ಹನ್ನೊಂದು ವರ್ಷದ ಸ್ನೇಹವನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಸ್ನೇಹ ಅಂದದ್ದು ಸಂಜೀವಣ್ಣನದು. ನಾನು ಕಂಡಕ್ಟರ್, ಅವನು ಡ್ರೈವರ್. ಹಿಂದೂಪುರದಿಂದ ಪರಿಗಿ, ಪೆನುಕೊಂಡ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಹಳ್ಳಿ ಬಸ್ಸು ನಮ್ಮದು. ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತದೆ. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲಂತೂ ನಾನು ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಸಂಜೀವಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಇಷ್ಟು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸಿದವನಲ್ಲ. ಕುರಿ ಮಂದೆ ಅಡ್ಡ ಬಂದರೆ ಹಾರ್ನ್ ಕೂಡ ಹೊಡೆಯದೆ ಕಡೇ ಮರಿ ದಾಟುವ ತನಕ ಕಾಯುತ್ತಾನೆ. ಆಮೇಲೆ ಕುರಿಯವನ ಯೋಗಕ್ಷೇಮ ವಿಚಾರಿಸುತ್ತಾನೆ. ಆಮೇಲೆ ಗೇರ್ ಹಾಕುತ್ತಾನೆ.

ನಮ್ಮಿಬ್ಬರಿಗೂ ಇದ್ದ ಒಂದೇ ಚಟ ಅಂದರೆ ಒಂದು ಗೂಢಚಾರಿ ಸಿನಿಮಾ ಸರಣಿ. ಹೊರದೇಶದ್ದು, ತೆಲುಗಿಗೆ ಡಬ್ ಆಗಿ ಬರುತ್ತದೆ. ಆಂಧ್ರದ ಗಡಿಯ ನಮ್ಮ ಕಡೆ ಮನೇಲಿ ಕನ್ನಡ, ಬಸ್ಸಲ್ಲಿ ತೆಲುಗು, ಜಗಳಕ್ಕೆ ಎರಡೂ ಆಗುವುದರಿಂದ ಅದೇನೂ ತೊಂದರೆಯಿಲ್ಲ. ಸರಣಿಯ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಓದುವುದನ್ನು ಇಲ್ಲಿಗೇ ಬಿಟ್ಟು ನನ್ನ ಮೇಲೆ ಜಗಳಕ್ಕೆ ಬರುತ್ತೀರಿ. ಒಂಬತ್ತು ಸಿನಿಮಾ ಬಂದಿವೆ, ಗೂಢಚಾರಿ ಒಬ್ಬನೇ, ಆ ಪಾತ್ರ ಮಾಡಿದ ನಟರು ಮೂವರು. ಅವರ ಹೆಸರು ನಮ್ಮ ನಾಲಿಗೆಗೆ ಹತ್ತದ್ದರಿಂದ ಮೊದಲನೆಯವನಿಗೆ ಗುಳಿಗಲ್ಲ, ಎರಡನೆಯವನಿಗೆ ಗುಂಗುರುಕೂದಲು, ಮೂರನೆಯವನಿಗೆ ಮುಂಗೋಪಿ ಅಂತ ನಾವೇ ಹೆಸರಿಟ್ಟಿದ್ದೆವು. ನನಗೆ ಗುಳಿಗಲ್ಲ ಅಂದರೆ ಪ್ರಾಣ. "ಪೇರು ಅಡಗೊದ್ದು, ಪನಿ ಚೆಪ್ಪು" ಅಂತ ಒಂದು ಡೈಲಾಗು ಹೊಡೆಯುತ್ತಾನೆ. ಹೆಸರು ಕೇಳಬೇಡ, ಕೆಲಸ ಹೇಳು ಅಂತ. ಆ ದನಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮಿಕ್ಕ ಇಬ್ಬರ ದನಿಗೆ ಆ ತೂಕವೇ ಇಲ್ಲ.

ಸಂಜೀವಣ್ಣನಿಗೆ ಹೀರೋಗಳು ಯಾರೂ ಆಗುವುದಿಲ್ಲ. "ಲೋ ರಂಗ, ನಿನ್ ಗುಳಿಗಲ್ಲ ಇವತ್ತಿನ ತಂಕ ಒಂದು ಗಾಡೀನಾದ್ರೂ ನೆಟ್ಟಗೆ ವಾಪಸ್ ತಂದವ್ನೇನ್ಲಾ? ಹತ್ತಿದ್ದೆಲ್ಲಾ ಗುದ್ದಾಕ್ತಾನೆ. ಅವ್ನಿಗೆ ಲೈಸೆನ್ಸ್ ಕೊಟ್ಟೋರ್ ಯಾರು?" ಅನ್ನುತ್ತಾನೆ. ಅವನಿಗೆ ಬೇಕಾದದ್ದು ಮೂರನೇ ಸಿನಿಮಾದ ವಿಲನ್. ಆ ವಿಲನ್ ದಾಳಿಂಬೆ ಬಿಡಿಸುತ್ತಾ ಕೂತು, "ತೊಂದರ ಲೇದು ನಾಯನಾ", ಅವಸರ ಇಲ್ಲಪ್ಪ, ಅಂತ ಮೆತ್ತಗೆ ಹೇಳಿ ಆಮೇಲೆ ಕೊಲ್ಲಿಸುತ್ತಾನೆ. "ಒಂದು ಕಾಳು ಒಡೀದಂಗೆ ಬಿಡಿಸ್ತಾನೆ ಕಣಯ್ಯ. ಕೈಯಾಗೆ ನಿಧಾನ ಇರೋನು ಕೆಟ್ಟೋನಾಗಕ್ಕೆ ಸಾಧ್ಯ ಇಲ್ಲ. ಏನೋ ಕಷ್ಟ ಇರ್ಬೇಕು ಪಾಪ." ಸಂಜೀವಣ್ಣನ ಹೊಲದಲ್ಲೂ ದಾಳಿಂಬೆ ಇದೆ, ಅದಕ್ಕೇ ಈ ಪಕ್ಷಪಾತ ಅಂತ ನನ್ನ ಅನುಮಾನ.

ಈ ವಾದಕ್ಕೆ ಇಡೀ ಬಸ್ಸೇ ಸೇರಿಕೊಳ್ಳುತ್ತಿತ್ತು. ಡ್ರೈವರ್ ಹಿಂದಿನ ಮೊದಲ ಸೀಟು ಪರಿಗಿಯ ತಿಮ್ಮಕ್ಕನದು. ಹೂವಿನ ಬುಟ್ಟಿ ಹೊತ್ತು ದಿನಾ ಪೆನುಕೊಂಡಕ್ಕೆ ಬರುವವಳು. ಒಂದು ಸಿನಿಮಾವನ್ನೂ ನೋಡಿದವಳಲ್ಲ, ಆದರೆ ತೀರ್ಪು ಕೊಡುವುದು ಅವಳೇ. "ಅವನಿಗೆ ಅವ್ವ ಇಲ್ವೇನಪ್ಪ? ಹೇಳೋರು ಕೇಳೋರು ಇಲ್ದಿದ್ರೆ ಗಂಡುಡುಗ್ರು ಹಂಗೇ ಬಂದೂಕ ಇಟ್ಕಂಡು ತಿರುಗ್ತವೆ" ಅಂದುಬಿಟ್ಟರೆ ಹೀರೋ ವಿಲನ್ ಇಬ್ಬರಿಗೂ ಒಂದೇ ಏಟಿಗೆ ಮಂಗಳಾರತಿ ಆಗುತ್ತಿತ್ತು. ಹೀಗೆ ನಗುನಗುತ್ತಾ ನಡೆದಿತ್ತು. ಕೆಡಿಸಿದವನು ನಾನು.

ಅವತ್ತು ಸೋಮವಾರ, ಬಸ್ಸು ಕಿಕ್ಕಿರಿದಿತ್ತು, ತಡವೂ ಆಗಿತ್ತು. ನಾನು ಯಾರದೋ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿರುವಾಗ ಟಿಕೆಟ್ ಮಿಷನ್ನನ್ನು ತಲೆಮೇಲೆ ಹಿಡಿದು ನಿಂತಿದ್ದೆ. ಸಂಜೀವಣ್ಣ ಮುಂದಿನಿಂದಲೇ, "ನಿನ್ ಹೀರೋ ರೈಲಿನ ಮೇಲೆ ಹತ್ತಿ ಓಡಾಡ್ತಾನಲ್ಲ, ಟಿಕೆಟ್ ತಗಂಡವ್ನಾ ಕೇಳ್ಲಾ ಕಂಡಕ್ಟ್ರೇ" ಅಂದ. ಜನ ಹೋ ಅಂತ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, ಗಂಟಲು ಹರಿಯುವಂತೆ ಕೂಗಿಬಿಟ್ಟೆ: "ಅವನು ಓಡಿಸೋದನ್ನ ನೋಡಿ ಕಲಿ ಅಣ್ಣ! ನೀನು ಓಡಿಸ್ತಿರೋದು ಬಸ್ಸಲ್ಲ, ಎತ್ತಿನಗಾಡಿ. ಜನಕ್ಕೆ ಊರು ಸೇರೋ ಆಸೆನೇ ಹೋಗೈತೆ!" ಜನ ಇನ್ನೂ ಜೋರಾಗಿ ನಕ್ಕರು. ಕನ್ನಡಿಯಲ್ಲಿ ಸಂಜೀವಣ್ಣನ ಮುಖ ಕಂಡಿತು. ಅವನು ನಗುತ್ತಿರಲಿಲ್ಲ.

ಅವತ್ತಿನಿಂದ ಮಾತು ಬಂದ್. ಹೊರಡಲು ವಿಷಲ್, ನಿಲ್ಲಲು ವಿಷಲ್, ಅಷ್ಟೇ ನಮ್ಮ ಸಂಸಾರ. ಕಲ್ಯಾಣದುರ್ಗದಲ್ಲಿ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ಚಟ್ನಿ ಬದಲಾಯಿಸಿಕೊಂಡು ಉಣ್ಣುತ್ತಿದ್ದವರು ಬಸ್ ಸ್ಟ್ಯಾಂಡಿನ ಆ ಮೂಲೆಗೊಬ್ಬ ಈ ಮೂಲೆಗೊಬ್ಬ ಕೂತು ಗೋಡೆ ನೋಡುತ್ತಾ ಉಂಡೆವು. ಎರಡು ವಾರವಾಯಿತು. ಆಮೇಲೆ ಡಿಪೋದ ಕ್ಲಾರ್ಕು, "ಏನ್ ರಂಗನಾಥ, ಸಂಜೀವಪ್ಪ ನಿನ್ ಜೊತೆ ಡ್ಯೂಟಿ ಬೇಡ ಅಂತ ಅರ್ಜಿ ಕೊಟ್ಟವ್ನಲ್ಲ? ಒಂದನೇ ತಾರೀಕಿಂದ ಬೇರೆ ರೂಟು" ಅಂದ. ಕ್ಲಾರ್ಕಿಗೆ ಗೊತ್ತಾದದ್ದು ಬಸ್ಸಿಗೆಲ್ಲ, ತಿಮ್ಮಕ್ಕನಿಗೂ, ಗೊತ್ತಾದಂತೆಯೇ. ಮನೆಗೆ ಬಂದು ಸುಜಾತಳ ಹತ್ತಿರ, "ಹೋದರೆ ಹೋಗಲಿ, ನನಗೇನು" ಅಂದೆ. ಅವಳು ನನ್ನ ತಟ್ಟೆ ನೋಡಿ, "ಏನೂ ಇಲ್ಲದೇ ಇದ್ರೆ ಮುದ್ದೆ ಯಾಕೆ ಹಂಗೇ ಐತೆ?" ಅಂದಳು. "ತಪ್ಪಾಯ್ತು ಅಂದ್ಬಿಡಿ, ಮುಗೀತದೆ." ಅವಳಿಗೇನು, ಹೇಳುತ್ತಾಳೆ. ಗುಳಿಗಲ್ಲ ಒಂಬತ್ತರಲ್ಲಿ ನಾಲ್ಕು ಸಿನಿಮಾ ಮಾಡಿದ್ದಾನೆ, ಒಂದರಲ್ಲಾದರೂ ತಪ್ಪಾಯ್ತು ಅಂದಿದ್ದಾನೆಯೇ?

ಒಂದನೇ ತಾರೀಕಿಗೆ ಇನ್ನು ನಾಲ್ಕು ದಿನ ಇತ್ತು. ಪೆನುಕೊಂಡದಲ್ಲಿ ಒಬ್ಬರು ವಯಸ್ಸಾದವರು ಹತ್ತಿದರು. ಗಿಡ್ಡ ಆಳು, ಬೋಳುತಲೆ, ಚೌಕಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ತಿಮ್ಮಕ್ಕ ಇಳಿದು ಖಾಲಿ ಮಾಡಿದ ಮೊದಲ ಸೀಟಿನಲ್ಲೇ ಕೂತರು. ನಾನು ಎಲ್ಲಿಗೆ ಅಂತ ಕೇಳಿದೆ. "ಕಳ್ಯಾಣದುರ್ಗಂ, ಒಕಟಿ" ಅಂದರು.

ಮಿಷನ್ ನನ್ನ ಕೈಯಿಂದ ಜಾರಿತು. ಅದು ಗುಳಿಗಲ್ಲನ ದನಿ! ಅದೇ ತೂಕ, ಅದೇ ಗತ್ತು. ಆ ದನಿ ಈ ಚೌಕಳಿ ಅಂಗಿಯೊಳಗಿಂದ ಬಂದು ನನ್ನ ಹತ್ತಿರ ಕಲ್ಯಾಣದುರ್ಗಕ್ಕೆ ಒಂದು ಟಿಕೆಟ್ ಕೇಳುತ್ತಿದೆ. ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದದ ಹಾಗೆ ಕೊಟ್ಟೆ. ನೀವೇನಾ ಅಂತ ಕೇಳುವಷ್ಟರಲ್ಲಿ ಹಿಂದಿನಿಂದ ಯಾರೋ ಟಿಕೆಟ್ಟಿಗೆ ಕೂಗಿದರು. ಸಂಜೀವಣ್ಣನಿಗೆ ಹೇಳೋಣ ಅಂದರೆ ಮಾತಿಲ್ಲ. ಇಂಥ ಸಂಕಟ ಶತ್ರುವಿಗೂ ಬೇಡ.

ಅವರು ಚೀಲದಿಂದ ಡಬ್ಬಿ ತೆಗೆದು ಮೊಸರನ್ನ ಉಂಡರು, ನೀರು ಕುಡಿದರು, ಒಂದು ಗಳಿಗೆ ತೂಕಡಿಸಿದರು. ಮುಂದೆ ಕುರಿ ಮಂದೆ ಅಡ್ಡ ಬಂತು. ಸಂಜೀವಣ್ಣ ನಿಲ್ಲಿಸಿದ. ಹಿಂದಿನಿಂದ ಯಾರೋ ಗೊಣಗಿದರು. ಆಗ ಇವರು ಕಣ್ಣುಬಿಟ್ಟು, ಅನ್ನದ ಭಾರಕ್ಕೆ ಇಳಿದಿದ್ದ ದನಿಯಲ್ಲಿ ಮೆತ್ತಗೆ, "ತೊಂದರ ಲೇದು ನಾಯನಾ" ಅಂದರು. ಸಂಜೀವಣ್ಣ ಎಂಜಿನ್ ಆಫ್ ಮಾಡಿ ಪೂರ್ತಿ ತಿರುಗಿ ಕೂತ. ಕುರಿ ದಾಟಿ ಹೋದವು, ಅವನು ತಿರುಗಿದವನು ತಿರುಗಿದಂತೆಯೇ ಇದ್ದ. "ಸ್ವಾಮಿ, ತಾವು ದಾಳಿಂಬೆ..." ಅಂದ. "ಅಲ್ಲಣ್ಣ, ಇವರು ಗುಳಿಗಲ್ಲ, ಪೇರು ಅಡಗೊದ್ದು!" ಅಂತ ನಾನು ಕಿರುಚಿದೆ. ಹದಿನೆಂಟು ದಿನದ ಮೌನ ಮುರಿದದ್ದು ಹೀಗೆ, ಅದೂ ಜಗಳದಲ್ಲೇ.

ಅವರು ಇಬ್ಬರನ್ನೂ ನೋಡಿ ನಕ್ಕರು. ಕನ್ನಡದಲ್ಲೇ ಹೇಳಿದರು: "ಎರಡೂ ನಾನೇ ಕಣ್ರಪ್ಪ. ಡಬ್ಬಿಂಗ್ ಮಾಡ್ತಿದ್ದೆ. ನಾಲ್ಕು ಸಿನಿಮಾಕ್ಕೂ ನಿಮ್ಮ ಹೀರೋ ನಾನೇ. ಮೂರನೇದಕ್ಕೆ ವಿಲನ್ ದನಿಯವನು ಕೈಕೊಟ್ಟ. ಬೆಳಿಗ್ಗೆ ಹೀರೋ ಮಾಡು, ಊಟ ಆದ ಮೇಲೆ ವಿಲನ್ ಮಾಡು ಅಂದ್ರು. ಹೊಟ್ಟೆ ತುಂಬಿದ್ರೆ ನನ್ನ ದನಿ ಇಳೀತದೆ. ಬೆಳಿಗ್ಗೆ ನಾನು ಹೆದರಿಸೋದು, ಮಧ್ಯಾಹ್ನ ನಾನೇ ಹೆದರೋದು." ಈಗ ಕೆಲಸ ಬಿಟ್ಟು ಪೆನುಕೊಂಡದಲ್ಲಿದ್ದಾರಂತೆ. ತಂಗಿ ಮನೆಗೆ ಕಲ್ಯಾಣದುರ್ಗಕ್ಕೆ ಹೊರಟಿದ್ದರು. ಇಬ್ಬರು ನಟರಲ್ಲಿ ಯಾರು ದೊಡ್ಡವರು ಅಂತ ಕೇಳಿದ್ದಕ್ಕೆ, "ತುಟಿ ನೋಡಿ ಮಾತು ಕೂರಿಸೋದು ನನ್ನ ಕೆಲಸ, ಅವರ ತುಟಿ ಬಿಟ್ಟು ನನಗೆ ಬೇರೇನೂ ನೆನಪಿಲ್ಲ" ಅಂದರು.

ಹತ್ತೊಂಬತ್ತು ವರ್ಷ ಮುಖ ನೋಡದೆ ದನಿಯಲ್ಲೇ ಜನರನ್ನು ಗುರುತಿಸುತ್ತಾ ಬಂದವನು ನಾನು. ಹೀರೋ ವಿಲನ್ ಇಬ್ಬರ ದನಿಯೂ ಒಬ್ಬರದೇ ಅಂತ ನನಗೆ ಹೊಳೆಯಲಿಲ್ಲವಲ್ಲ, ಥೂ ಅನ್ನಿಸಿತು. ನಾವಿಬ್ಬರೂ ಒಬ್ಬನೇ ಮನುಷ್ಯನ ಅಭಿಮಾನಿಗಳಾಗಿದ್ದುಕೊಂಡು ಮಾತು ಬಿಟ್ಟಿದ್ದೆವು. ಕಲ್ಯಾಣದುರ್ಗದಲ್ಲಿ ಅವರ ಚೀಲವನ್ನು ಆಟೋದ ತನಕ ಇಬ್ಬರೂ ಹೊತ್ತೆವು. ವಾಪಸ್ ಬಂದು ನಾನು ಧೈರ್ಯ ಮಾಡಿ ಡಬ್ಬಿ ಹಿಡಿದು ಸಂಜೀವಣ್ಣನ ಬೆಂಚಿಗೇ ಹೋಗಿ ಕೂತೆ. "ಅವತ್ತು ಹಂಗನ್ನಬಾರ್ದಿತ್ತು ಕಣಣ್ಣ. ತಪ್ಪಾಯ್ತು" ಅಂದೆ. ಹೇಳಿಯೇಬಿಟ್ಟೆ, ಎಷ್ಟು ಸಲೀಸು ಅನ್ನಿಸಿತು.

ಅವನು ತುತ್ತು ನುಂಗಿ ನಿಧಾನವಾಗಿ ಹೇಳಿದ: "ಅಷ್ಟು ಜನದ ಮುಂದೆ ಅಂದ್ಬುಟ್ಟು, ಒಬ್ನೇ ಇದ್ದಾಗ ತಪ್ಪಾಯ್ತು ಅಂತೀಯೇನ್ಲಾ? ನಿಧಾನ ಓಡಿಸ್ತೀನಿ ಅಂದ್ರೆ ನನಗೆ ಬರಾಕಿಲ್ಲ ಅಂತ ಅಲ್ಲ. ಹಿಂದೆ ನೀವೆಲ್ಲ ನಿಂತಿರ್ತೀರಿ ಅಂತ." ನಾನು ನನ್ನ ಚಟ್ನಿಯನ್ನು ಅವನ ಕಡೆ ಸರಿಸಿದೆ. ಅವನು ಮುಂದುವರಿಸಿದ: "ಬಸ್ ತುಂಬಿದಾಗ ಹೇಳು. ಅರ್ಜಿ ವಾಪಸ್ ತಗತೀನಿ."

ಮಾರನೇ ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಸುಜಾತ ಬಾಗಿಲಲ್ಲಿ ನಿಂತು ಕೇಳಿ, "ಇನ್ನೊಂದು ಸಲ ಹೇಳಿ, ಮದುವೆಯಾದಾಗಿಂದ ನನಗೆ ಈ ಮಾತು ಕೇಳೋ ಭಾಗ್ಯನೇ ಬಂದಿಲ್ಲ" ಅಂದಳು. ಪರಿಗಿಯಲ್ಲಿ ಬಸ್ಸು ತುಂಬಿತು. ತಿಮ್ಮಕ್ಕ ಬುಟ್ಟಿ ಇಟ್ಟು ಕೂತಳು. ನಾನು ನುಗ್ಗಿಕೊಂಡು ಮುಂದೆ ಹೋಗಿ ವಿಷಲ್ ಊದಿದೆ. ಸಂಜೀವಣ್ಣ ಎಂಜಿನ್ ಆಫ್ ಮಾಡಿ ಕೈ ಕಟ್ಟಿ ಕೂತ. ಬಸ್ಸು ಗಪ್‌ಚುಪ್ಪಾಯಿತು. ನಾನು "ಅಣ್ಣಾ" ಅಂದೆ. ಅಷ್ಟೇ. ಮುಂದೆ ತುಟಿ ಆಡುತ್ತಿದೆ, ದನಿ ಇಲ್ಲ. ಹತ್ತೊಂಬತ್ತು ವರ್ಷ ಮುಂದಕ್ಕೆ ಹೋಗಿ ಮುಂದಕ್ಕೆ ಹೋಗಿ ಅಂತ ಅರಚಿದ ಗಂಟಲು ಪೂರಾ ಒಣಗಿಹೋಗಿತ್ತು. "ಏನಂತೆ ಕಂಡಕ್ಟ್ರೇ, ಬಸ್ ಕೆಟ್ಟೋಯ್ತಾ?" ಅಂತ ಹಿಂದಿನಿಂದ ಯಾರೋ ಕೂಗಿದರು. ಇಳಿದು ಓಡಿಹೋಗೋಣ ಅನ್ನಿಸಿತು.

ತಿಮ್ಮಕ್ಕ ನನ್ನ ತುಟಿಯನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ನಿಂತು, ಹಿಂದಿನ ಸೀಟಿಗೂ ಕೇಳುವಂತೆ ಶುರುಮಾಡಿದಳು: "ಸಂಜೀವಪ್ಪಾ! ಅವತ್ತು ಎತ್ತಿನಗಾಡಿ ಅಂದಿದ್ದು ತಪ್ಪಾಯ್ತಂತೆ ಕಣಪ್ಪ! ನೀನು ನಿಧಾನ ಓಡ್ಸೋದ್ರಿಂದ್ಲೇ ದಿನಾ ಮನೆ ಸೇರ್ತಾವ್ನಂತೆ! ನೀನು ಈ ಬಸ್ ಬಿಟ್ಟೋದ್ರೆ ಅಳ್ತಾನಂತೆ!"

ಕೊನೆಯದು ನಾನು ಹೇಳಬೇಕೆಂದುಕೊಂಡಿದ್ದ ಮಾತಲ್ಲ, ಅವಳೇ ಸೇರಿಸಿದ್ದು. ಆದರೆ ಅಷ್ಟೂ ನಿಜ. ಕಣ್ಣು ಒದ್ದೆಯಾದದ್ದನ್ನು ಮರೆಮಾಚಲು ಮಿಷನ್ನಿನ ಕಡೆ ಬಗ್ಗಿದೆ. ಬಸ್ಸಿಗೆ ಬಸ್ಸೇ ಚಪ್ಪಾಳೆ ಹೊಡೆಯಿತು. ಸಂಜೀವಣ್ಣ ಎಂಜಿನ್ ಹಾಕಿದ. ಸಂಜೆ ಡಿಪೋದಲ್ಲಿ ಅರ್ಜಿ ವಾಪಸ್ ಪಡೆದ. ಒಂದನೇ ತಾರೀಕು ಬಂತು, ಹೋಯಿತು. ನಾವಿಬ್ಬರೂ ಈಗಲೂ ಅದೇ ಬಸ್ಸಲ್ಲಿದ್ದೇವೆ, ಈಗಲೂ ತಡವಾಗಿಯೇ ಕಲ್ಯಾಣದುರ್ಗ ಸೇರುತ್ತೇವೆ. ಹತ್ತನೇ ಸಿನಿಮಾ ಬರುತ್ತದಂತೆ, ಹೊಸ ನಟನಂತೆ. ವಾದ ಜೋರಾಗಿ ನಡೆದಿದೆ. ವಾದದಲ್ಲಿ ನಾನು ಗೆಲ್ಲುವ ಹಾಗೆ ಕಂಡರೆ ಸಾಕು, ಸಂಜೀವಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳುತ್ತಾನೆ: "ಏನೇ ಅನ್ನು ರಂಗ, ಅವತ್ತು ನೀನು ಕ್ಷಮೆ ಕೇಳಿದ್ದು ಬಲೇ ಚೆನ್ನಾಗಿತ್ತು ಕಣ್ಲಾ. ಅದ್ರಾಗೂ ನಿನ್ ದನಿ!"