ಕರೆಂಟು ಹೋದ ನಕ್ಷತ್ರ

ನಮ್ಮ ಮಹಡಿಯ ಬಾಡಿಗೆದಾರರ ಗಂಟೆಯಲ್ಲಿ ಅರವತ್ತು ನಿಮಿಷ ಇರುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ! ಸೂರ್ಯ ಹುಟ್ಟಿ ಮುಳುಗುವವರೆಗಿನ ಹಗಲನ್ನು ಅವರು ಹನ್ನೆರಡು ಪಾಲು ಮಾಡುತ್ತಿದ್ದರು. ಒಂದು ಪಾಲು ಒಂದು ಗಂಟೆ. ಹೀಗಾಗಿ ಅವರ ಗಂಟೆ ಡಿಸೆಂಬರಿನಲ್ಲಿ ಕುಗ್ಗುತ್ತಿತ್ತು, ಜೂನಿನಲ್ಲಿ ಹಿಗ್ಗುತ್ತಿತ್ತು. ಅರ್ಧ ಗಂಟೆಯಲ್ಲಿ ಇಡ್ಲಿ ಕಳಿಸುತ್ತೇನೆಂದು ಅಮ್ಮ ಹೇಳಿದರೆ, ಯಾರ ಅರ್ಧ ಗಂಟೆ ಎಂದು ವಿನಯದಿಂದ ವಿಚಾರಿಸುತ್ತಿದ್ದರು.

ಅವರು ಕೊಂಕಣ ಕರಾವಳಿಯ ಯಹೂದಿ, ಮನೆಮಾತು ಮರಾಠಿ, ಕೆಲಸ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ನಮಗೆಲ್ಲ ಅವರು ಸಾರ್. ಎಪ್ಪತ್ತರ ದಶಕದಲ್ಲಿ ರಾಜಾಜಿನಗರಕ್ಕೆ ಮನೆ ಹುಡುಕಿಕೊಂಡು ಬರುವವರೆಲ್ಲ ಮೊದಲು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುತ್ತಿದ್ದರು. ಈ ಮಹಾನುಭಾವರು ಕೇಳಿದ್ದು ಸೂರ್ಯ ಯಾವ ಕಡೆ ಮುಳುಗುತ್ತಾನೆ ಎಂದು! ಮಹಾಲಕ್ಷ್ಮಿ ಲೇಔಟಿನಲ್ಲಿ ಇನ್ನೂ ಒಳ್ಳೆಯ ಮನೆ ಸಿಕ್ಕಿತ್ತಂತೆ. ಆದರೆ ಅಲ್ಲಿ ದಿಬ್ಬ ಅಡ್ಡ ಬಂದು ಸೂರ್ಯ ನಾಲ್ಕು ನಿಮಿಷ ಮೊದಲೇ ಕಾಣೆಯಾಗುತ್ತಾನಂತೆ. ನಮ್ಮ ತಾರಸಿಯಿಂದ ಬ್ಯಾಡರಹಳ್ಳಿ ಕಡೆಯ ಹೊಲಗಳವರೆಗೂ ಬಯಲು. ತಾರಸಿ ನೋಡಿದರು, ಅಡುಗೆಮನೆ ನೋಡಲೇ ಇಲ್ಲ, ಒಪ್ಪಿಕೊಂಡರು.

ಅವರ ಶಾಸ್ತ್ರ ಹೀಗೆ: ಮಧ್ಯಾಹ್ನದ ಪ್ರಾರ್ಥನೆ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು, ರಾತ್ರಿಯದು ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ. ಎರಡು ಕಂಡರೆ ಸಾಲದು. ಪ್ರಾರ್ಥನೆಯನ್ನು ಪಾದ ಜೋಡಿಸಿ ನಿಂತೇ ಮಾಡಬೇಕು, ನಡುವೆ ಮಾತಾಡಬಾರದು, ಕೊನೆಗೆ ಮೂರು ಹೆಜ್ಜೆ ಹಿಂದಕ್ಕೆ ಇಡಬೇಕು.

ಈ ಮೂರು ಹೆಜ್ಜೆಯ ಕಥೆ ಕೇಳಿ. ಒಂದು ಸಂಜೆ ಬಸ್ಸಿನಲ್ಲಿ ಬರುವಾಗ ಹೊತ್ತು ಮೀರುತ್ತಿದೆ ಎಂದು ನಾಯಂಡಹಳ್ಳಿಯಲ್ಲಿ ಇಳಿದು, ಒಂದು ಗೋಡೌನಿನ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಸೀಮೆಎಣ್ಣೆಗೆ ಬರಗಾಲದ ಕಾಲ. ಅಲ್ಲಾಡದೆ ನಿಂತ ಗಂಭೀರ ಮನುಷ್ಯನನ್ನು ಕಂಡರೆ ಜನ ಏನೆಂದುಕೊಳ್ಳಬೇಕು? ಡಬ್ಬ ಹಿಡಿದು ಒಬ್ಬ ಹಿಂದೆ ನಿಂತ, ಅವನ ಹಿಂದೆ ಇನ್ನೊಬ್ಬ, ಹೀಗೆ ಎಂಟು ಜನ. ಯಾವಾಗ ಕೊಡ್ತಾರೆ ಎಂದು ಕೇಳಿದರೆ ಮುಂದಿನವರು ಬಾಯಿಯನ್ನೇ ಬಿಡುತ್ತಿಲ್ಲ! ಪ್ರಾರ್ಥನೆ ಮುಗಿಯಿತು, ಸಾರ್ ಮೂರು ಹೆಜ್ಜೆ ಹಿಂದಿಟ್ಟರು, ಎಂಟೂ ಡಬ್ಬಗಳು ಉರುಳಿದವು. ಬಿದ್ದವನೊಬ್ಬ ಎದ್ದು ಕೇಳಿದನಂತೆ: "ಖಾಲಿ ಆಗೋಯ್ತಾ ಸಾರ್?"

ಇನ್ನು ನಮ್ಮ ತಂದೆ. ಅವರು ಸ್ಕೂಲು ಮೇಷ್ಟ್ರು, ಉಪನಯನವಾದಂದಿನಿಂದ ಒಂದು ಸಂಧ್ಯಾವಂದನೆಯನ್ನೂ ಬಿಟ್ಟವರಲ್ಲ. ಸೂರ್ಯ ಇರುವಾಗಲೇ ಅರ್ಘ್ಯ ಕೊಟ್ಟರೆ ಫಸ್ಟ್ ಕ್ಲಾಸು, ನಕ್ಷತ್ರ ಕಂಡ ಮೇಲೆ ಕೊಟ್ಟರೆ ಥರ್ಡ್ ಕ್ಲಾಸು ಎಂಬುದು ಅವರ ಲೆಕ್ಕ. ಒಬ್ಬರಿಗೆ ನಕ್ಷತ್ರ ಬರಬಾರದು, ಇನ್ನೊಬ್ಬರಿಗೆ ಬರಲೇಬೇಕು! ನಮ್ಮ ತಾರಸಿಯಲ್ಲಿ ದಿನಾ ಸಂಜೆ ಕಾರ್ಖಾನೆಯ ಹಾಗೆ ಶಿಫ್ಟು ಬದಲಾಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸಾರ್ ಎಂದಿನಂತೆ ಒಂದು, ಎರಡು, ಮೂರು ಎಂದು ಎಣಿಸಿದರು. ಪ್ರಾರ್ಥನೆ ಶುರುವಾಗಬೇಕು, ಅಷ್ಟರಲ್ಲಿ ಬಡಾವಣೆಗೆಲ್ಲ ಕರೆಂಟು ಹೋಯಿತು. ಜೊತೆಗೆ ಅವರ ಮೂರನೆಯ ನಕ್ಷತ್ರವೂ ಹೋಯಿತು! ದೂರದ ನೀರಿನ ಟ್ಯಾಂಕಿನ ಮೇಲಿನ ಬಲ್ಬನ್ನು ಅವರು ಎಷ್ಟೋ ತಿಂಗಳಿಂದ ನಕ್ಷತ್ರವೆಂದು ಎಣಿಸುತ್ತಿದ್ದರು. ನಾನು ನಕ್ಕೆ. ತಂದೆ ನಗಲಿಲ್ಲ.

ಸಾರ್ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಮರುದಿನ ಸಂಜೆ ಅವರು ತಾರಸಿಗೆ ಹತ್ತಲಿಲ್ಲ. ತಂದೆ ಅವರ ಬಾಗಿಲಿಗೆ ಹೋಗಿ ನಿಂತರು. ಸಾರ್ ತಲೆ ತಗ್ಗಿಸಿ ಹೇಳಿದರು:

"ಈ ಊರಲ್ಲಿ ನಮ್ಮವರು ಅಂತ ನನಗ್ಯಾರೂ ಇಲ್ಲ ಮೇಷ್ಟ್ರೇ. ಹೊತ್ತಿಗೆ ಸರಿಯಾಗಿ ನಿಂತರೆ ಎಲ್ಲೆಲ್ಲೋ ಇರುವ ನಮ್ಮವರೆಲ್ಲರ ಜೊತೆ ನಿಂತ ಹಾಗೆ. ಹೊತ್ತು ತಪ್ಪಿದರೆ ನಾನು ಒಬ್ಬನೇ."

"ನಕ್ಷತ್ರ ನಾನು ನೋಡಿ ಹೇಳ್ತೀನಿ, ಬನ್ನಿ" ಎಂದರು ತಂದೆ.

ಅಂದಿನಿಂದ ತಂದೆ ಅರ್ಘ್ಯ ಮುಗಿಸಿ, ಪಂಚಪಾತ್ರೆ ಹಿಡಿದು, ಜನ್ಮವಿಡೀ ಓಡಿ ತಪ್ಪಿಸಿಕೊಂಡಿದ್ದ ನಕ್ಷತ್ರಗಳಿಗಾಗಿ ಕತ್ತೆತ್ತಿ ಕಾಯತೊಡಗಿದರು. ಮೋಡವಿದ್ದ ದಿನ ಇಬ್ಬರೂ ಕೂತು ಆಕಾಶಕ್ಕೆ ಛೀಮಾರಿ ಹಾಕುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ತಂದೆ ಟೈಫಾಯ್ಡಿನಲ್ಲಿ ಮಲಗಿದರು. ಹಾಸಿಗೆಯಲ್ಲೇ ಸಂಧ್ಯಾವಂದನೆ ನಡೆಯುತ್ತಿತ್ತು, ನಕ್ಷತ್ರ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಜೆ ನಾನು ತಾರಸಿಯಲ್ಲಿ ಮೂರು ಬಂತು ಸಾರ್ ಎನ್ನುವುದಕ್ಕೂ ಕೆಳಗಿನಿಂದ ಅಮ್ಮನ ಕೂಗಿಗೂ ಸರಿಹೋಯಿತು. ಕೆಳಗೆ ಓಡಿ ಬಂದು ನೋಡಿದರೆ, ಜ್ವರದ ಮಂಪರಿನಿಂದ ಆಗಷ್ಟೇ ಎಚ್ಚರವಾದ ತಂದೆ, ಹೊತ್ತು ಹೋಯಿತು, ಹೋಯಿತು ಎಂದು ಏಳಲು ಒದ್ದಾಡುತ್ತಿದ್ದರು. ಅಷ್ಟು ವರ್ಷದ ನೇಮ, ಆ ಒಂದು ದಿನ ಕೈತಪ್ಪಿತ್ತು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ನನ್ನ ಹಿಂದೆಯೇ ಸಾರ್ ಗೋಡೆ ತಡವುತ್ತ ಮೆಟ್ಟಿಲಿಳಿದು ಬಂದರು. ನಾಲ್ಕು ನಿಮಿಷಕ್ಕಾಗಿ ಒಳ್ಳೆಯ ಮನೆಯನ್ನೇ ಬಿಟ್ಟ ಮನುಷ್ಯ! ಮುಚ್ಚಿದ ಕಿಟಕಿಯ ಪಕ್ಕ ಕೂತು, ತಂದೆಯ ಕೈ ಹಿಡಿದುಕೊಂಡರು.

"ನಾನು ಈಗ ಮೇಲಿಂದಾನೇ ಬಂದೆ. ಸೂರ್ಯ ಇನ್ನೂ ಇದ್ದಾನೆ. ನಿಧಾನವಾಗಿ ಮಾಡಿ ಮೇಷ್ಟ್ರೇ."

ತಂದೆ ಸಾರ್ ಮುಖವನ್ನೇ ನೋಡಿದರು. ಆಮೇಲೆ ಅಮ್ಮ ಹಿಡಿದ ತಟ್ಟೆಗೆ ಮೂರು ಸಲ ಅರ್ಘ್ಯ ಬಿಟ್ಟರು. ಮುಗಿದ ಮೇಲೆ ದಿಂಬಿಗೆ ಒರಗಿ, ಕಣ್ಣು ಮುಚ್ಚಿ ಹೇಳಿದರು:

"ಹೊರಡಿ ಸಾರ್. ನಿಮ್ಮ ಮೂರು ಆಗಲೇ ಬಂದಾಯ್ತು."